ಹಗ್ಗ ಕಟ್ಟಿದರೆ ವಾಹನ, ಲಾರಿಗೆ ಹತ್ತಿಸಿದರೆ ಸರಕು: ಪೆರ್ಲ ಕಡೆಯ ಒಂದು ಜೀಪಿನ ಪ್ರಕರಣ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಭಾವನ ಫೋನು ಬಂತು. "ನೀನು ಒಮ್ಮೆ ಸಾರಡ್ಕದ ಹತ್ತಿರ ಬಾ. ಸಣ್ಣ ತೊಂದರೆ ಆಗಿದೆ." ಭಾವ ಸಣ್ಣ ತೊಂದರೆ ಅಂದರೆ ಅದು ಸಣ್ಣದಿರುವುದಿಲ್ಲ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ನಮ್ಮ ಪೆರ್ಲ ಕೇರಳದ ಕಾಸರಗೋಡಿನ ಕಡೆ, ಸಾರಡ್ಕ ಅಂದರೆ ಕರ್ನಾಟಕದ ಗಡಿಯ ಜಾಗ. ನಾನು ಹೋಗಿ ನೋಡಿದಾಗ ರಸ್ತೆ ಬದಿಯಲ್ಲಿ ಪಕ್ಕದ ಮನೆಯವರ ಪಿಕಪ್ ನಿಂತಿತ್ತು. ಅದರ ಹಿಂದೆ ನೀಲಿ ನೈಲಾನ್ ಹಗ್ಗ. ಹಗ್ಗದ ಇನ್ನೊಂದು ತುದಿಗೆ ಭಾವನ ಜೀಪು. ಜೀಪಿನ ಸ್ಟೀರಿಂಗ್ ಹಿಂದೆ ಭಾವ, ಮುಖ ಸಪ್ಪೆ. ಮುಂದೆ ವಾಹನ ತಪಾಸಣೆಯ ಸ್ಕ್ವಾಡ್. ಅಧಿಕಾರಿ ಮಲಯಾಳದವರು, ಆದರೆ ಗಡಿಯಲ್ಲಿ ಕೆಲಸ ಮಾಡಿ ಮಾಡಿ ಕನ್ನಡ ಕಲಿತಿದ್ದರು. ಜೋರು ಮಾತಿಲ್ಲ. ಸುಮ್ನೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಜೋರು ಮಾಡಿದ್ದರೆ ಭಾವನಿಗೂ ವಾದ ಮಾಡಲು ಸುಲಭ ಇತ್ತು.

ನನ್ನದು ಅಕ್ಷಯ ಕೇಂದ್ರದ ಕೆಲಸ, ಅಂದರೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಕೇರಳದ ಸೇವಾ ಕೇಂದ್ರ. ಆರ್‌ಸಿ, ಲೈಸೆನ್ಸು, ತೆರಿಗೆ ಅಂತ ದಿನಕ್ಕೆ ನಾಲ್ಕಾರು ಜನ ಬರುತ್ತಾರೆ. ವಕೀಲ ಅಲ್ಲ. ಆದರೆ ಈ ಒಂದು ಜೀಪಿನ ಕಾರಣಕ್ಕೆ ಮೋಟಾರು ವಾಹನ ಕಾಯ್ದೆಯನ್ನು ಕೂತು ಓದಿದೆ. ನಮ್ಮ ಗುಡ್ಡದ ಕಡೆ ಇಂಥ ಜೀಪು ಎಷ್ಟೋ ಮನೆಗಳಲ್ಲಿ ಉಂಟು. ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ. ಭಾವನ ಒಪ್ಪಿಗೆ ಇದೆ. ಕಟ್ಟಿದ ದಂಡದ ಮೊತ್ತ ಮಾತ್ರ ಬರೆಯಬಾರದು ಅಂತ ಶರತ್ತು.

ಮೊದಲು ಜೀಪಿನ ಜಾತಕ. ಮಹೀಂದ್ರಾ ಎಂಎಂ 540, 1993ರ ಮಾಡೆಲ್, ಕೆಎಲ್ 14 ನಂಬರು. ಖಾಸಗಿ ಗಾಡಿಗೆ ನೋಂದಣಿ ಹದಿನೈದು ವರ್ಷ. ಅದು 2008ಕ್ಕೆ ಮುಗಿಯಿತು. ಒಮ್ಮೆ ಐದು ವರ್ಷಕ್ಕೆ ನವೀಕರಣ ಆಯಿತು. 2013ರ ನಂತರ ಭಾವ ಆ ಕಡೆ ತಲೆ ಹಾಕಲಿಲ್ಲ. "ಇನ್ನು ಇದು ತೋಟದ ಗಾಡಿ, ರೋಡಿಗೆ ಹೋಗುವುದಿಲ್ಲವಲ್ಲ" ಎಂಬುದು ಅವರ ಲೆಕ್ಕ. ಅಡಿಕೆ ಗೋಣಿ, ಗೊಬ್ಬರ, ಸೊಪ್ಪು, ಕೆಲವೊಮ್ಮೆ ಮದುವೆಯ ಚಪ್ಪರದ ಸಾಮಾನು, ಎಲ್ಲ ಅದರ ಬೆನ್ನ ಮೇಲೆ. ಆಮೇಲೆ ಅಕ್ಕನ ಮಗ ದೊಡ್ಡವನಾದ. ದೊಡ್ಡ ಟಯರು ಬಂತು, ಮುಂದೆ ಕಬ್ಬಿಣದ ಬಂಪರು ಬಂತು, ಮೇಲಿನ ಹುಡ್ ಹೋಗಿ ಪೈಪಿನ ಚೌಕಟ್ಟು ಬಂತು. ಮಳೆಗಾಲದಲ್ಲಿ ಕೆಸರಿನಲ್ಲಿ ಗಾಡಿ ಹತ್ತಿಸುವ ಹುಡುಗರ ಗುಂಪಿಗೆ ಜೀಪೂ ಸೇರಿತು. ಹೀಗೆ ತೋಟದ ಗಾಡಿ ಆಫ್‌ರೋಡ್ ಗಾಡಿ ಆಯಿತು.

ಆ ಭಾನುವಾರ ಜೀಪಿಗೆ ಪುತ್ತೂರಿಗೆ ಹೋಗಬೇಕಿತ್ತು. ಹಳೇ ಜೀಪಿನ ಕೆಲಸಕ್ಕೆ ನಮಗೆ ಪುತ್ತೂರೇ. ಪೆರ್ಲದಿಂದ ಅಡ್ಕಸ್ಥಳ, ಸಾರಡ್ಕ, ಅಡ್ಯನಡ್ಕ, ವಿಟ್ಲ, ಪುತ್ತೂರು. ಮಧ್ಯದಲ್ಲಿ ರಾಜ್ಯದ ಗಡಿ. ಆಸ್ಪತ್ರೆಗೆ, ಸಂತೆಗೆ, ನೆಂಟರ ಮನೆಗೆ ನಿತ್ಯ ದಾಟುವ ಗಡಿ ಅದು. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಬಿಟ್ಟರೆ ನಮಗೆ ಅದರ ನೆನಪೇ ಇರುವುದಿಲ್ಲ.

ಭಾವ ಯೋಚನೆ ಮಾಡದೆ ಹೊರಟವರಲ್ಲ. ಅವರ ವಾದ ಹೀಗಿತ್ತು: "ಆರ್‌ಸಿ ಇಲ್ಲದ ಗಾಡಿ ಓಡಿಸಿದರೆ ತಪ್ಪು. ನಾನು ಓಡಿಸುತ್ತಿಲ್ಲ. ಓಡುತ್ತಿರುವುದು ಪಿಕಪ್. ಅದಕ್ಕೆ ಎಲ್ಲ ಕಾಗದ ಉಂಟು. ಜೀಪು ಹಿಂದೆ ಬರುತ್ತಿದೆ ಅಷ್ಟೇ, ನಾನು ಅದರಲ್ಲಿ ಕೂತಿದ್ದೇನೆ ಅಷ್ಟೇ." ಕೇಳಲು ಸರಿ ಅನಿಸುತ್ತದೆ ಅಲ್ವಾ? ನನಗೂ ಮೊದಲು ಹಾಗೇ ಅನಿಸಿತ್ತು.

ಅಧಿಕಾರಿ ಕೇಳಿದರು, "ಬ್ರೇಕ್‌ಡೌನ್ ಆಗಿದೆಯಾ?"

"ಹೌದು ಸಾರ್, ಕ್ಲಚ್ಚು ಹೋಗಿದೆ."

"ಕೀ ಉಂಟಾ?"

ಭಾವನ ಹತ್ತಿರ ಕೀ ಇತ್ತು. ಎಳೆಯುವಾಗ ಸ್ಟೀರಿಂಗ್ ತಿರುಗಬೇಕು, ಲೈಟು ಹತ್ತಬೇಕು ಅಂತ ಇಟ್ಟುಕೊಂಡದ್ದು. ಅಧಿಕಾರಿಯ ಜೊತೆಗಿದ್ದ ಹುಡುಗ ಹತ್ತಿ ಕೂತು ತಿರುಗಿಸಿದ. ಮಳೆಗಾಲದ ಬೆಳಿಗ್ಗೆ ಹತ್ತು ಸಲ ಕೊಟ್ಟರೂ ಕೆಮ್ಮದ ಎಂಜಿನು ಅವತ್ತು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಕ್ಲಚ್ಚು ತುಳಿದು ಗೇರು ಹಾಕಿದ. ಗೇರೂ ಬಿತ್ತು.

ಅಲ್ಲಿಗೆ ಒಂದು ವಾದ ಮುಗಿಯಿತು. ಯಾಕೆ ಅಂದರೆ ನಮ್ಮ ದೇಶದಲ್ಲಿ ಒಂದು ಮೋಟಾರು ವಾಹನವನ್ನು ಇನ್ನೊಂದು ವಾಹನ ರಸ್ತೆಯಲ್ಲಿ ಎಳೆಯಬೇಕಾದರೆ ಅದಕ್ಕೆ ಕಾರಣ ಬೇಕು. 1989ರ ರಸ್ತೆ ನಿಯಮಗಳಲ್ಲಿ ಇದು ಇತ್ತು. ಅವುಗಳ ಜಾಗಕ್ಕೆ ಬಂದ 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳಲ್ಲೂ ಇದೆ. ಕೆಟ್ಟು ನಿಂತ ಗಾಡಿ, ಪೂರ್ತಿ ಜೋಡಣೆ ಆಗದ ಗಾಡಿ, ನೋಂದಣಿ ಆದ ಟ್ರೈಲರ್, ಸೈಡ್‌ಕಾರ್. ಎಳೆಯಬಹುದಾದದ್ದು ಇಷ್ಟೇ. ಕೆಟ್ಟ ಗಾಡಿಯನ್ನೂ ಊರೂರು ಎಳೆಯುವಂತಿಲ್ಲ. ಹತ್ತಿರದ ಗ್ಯಾರೇಜಿಗೆ ಅಥವಾ ಪೆಟ್ರೋಲ್ ಪಂಪಿಗೆ, ಅಷ್ಟೇ. ಪೆರ್ಲದಲ್ಲಿ ಹೊರಟು ಬದಿಯಡ್ಕವನ್ನು ಬೆನ್ನಿಗೆ ಹಾಕಿ, ವಿಟ್ಲವನ್ನೂ ದಾಟಿ ಪುತ್ತೂರಿಗೆ ಹೋಗುವ ಗಾಡಿಗೆ 'ಹತ್ತಿರದ ಗ್ಯಾರೇಜು' ಎಂಬ ಮಾತು ಹೊಂದುವುದಿಲ್ಲ. ಕ್ಲಚ್ಚು ನಿಜವಾಗಿ ಹೋಗಿದ್ದರೂ ಈ ಪ್ರಶ್ನೆ ಉಳಿಯುತ್ತಿತ್ತು.

ಹಗ್ಗದ ಕಥೆ ಬೇರೆ. ಎಳೆಯುವ ಮತ್ತು ಎಳೆಸಿಕೊಳ್ಳುವ ಗಾಡಿಗಳ ನಡುವೆ ಐದು ಮೀಟರಿಗಿಂತ ಜಾಸ್ತಿ ಅಂತರ ಇರಬಾರದು. ಹಗ್ಗವೋ ಸರಪಳಿಯೋ ಬೇರೆಯವರ ಕಣ್ಣಿಗೆ ಚೆನ್ನಾಗಿ ಕಾಣಬೇಕು. ಹಿಂದಿನ ಗಾಡಿಯ ಬೆನ್ನಿಗೆ 'ಆನ್ ಟೋ' ಅಂತ ದೊಡ್ಡದಾಗಿ ಬರೆದ ಫಲಕ ಬೇಕು. ವೇಗ ಗಂಟೆಗೆ 25 ಕಿ.ಮೀ. ದಾಟಬಾರದು. ಭಾವ ಕಟ್ಟಿದ್ದು ಬಾವಿಯ ಹಗ್ಗ. ಎಂಟು ಮೀಟರಾದರೂ ಇತ್ತು. "ಹಗ್ಗ ಉದ್ದ ಇದ್ದಷ್ಟು ಒಳ್ಳೆಯದು, ಮುಂದಿನವ ಬ್ರೇಕ್ ಹಾಕಿದರೆ ಗುದ್ದುವುದಿಲ್ಲ" ಅಂತ ಅವರೇ ಆರಿಸಿದ್ದು. ಅವರ ತರ್ಕದಲ್ಲಿ ಹುರುಳಿಲ್ಲ ಅಂತ ಅಲ್ಲ. ಆದರೆ ಎಂಟು ಮೀಟರ್ ಖಾಲಿ ಜಾಗ ಕಂಡರೆ ನಮ್ಮ ಬೈಕಿನವರು ಅದರೊಳಗೆ ನುಗ್ಗದೆ ಇರುತ್ತಾರಾ? ಪಿಕಪ್ ಹೋಯಿತು, ಜೀಪು ಇನ್ನೂ ದೂರ ಉಂಟು ಅಂತ ಅಡ್ಡ ದಾಟುವವನಿಗೆ ಮಧ್ಯದ ಹಗ್ಗ ಕಾಣುವುದು ಮೈಗೆ ತಾಗಿದ ಮೇಲೆಯೇ. ಅದಕ್ಕೇ ಈ ನಿಯಮ ಅಂತರವನ್ನು ಕಡಿಮೆ ಇಡಿಸುತ್ತದೆ.

ಕೂತವನೂ ಚಾಲಕ

ಈ ಪ್ರಕರಣದಲ್ಲಿ ನನಗೆ ತುಂಬಾ ರುಚಿಸಿದ ಭಾಗ ಇದು. ಭಾವನ ಮುಖ್ಯ ವಾದ "ನಾನು ಓಡಿಸಲಿಲ್ಲ" ಅಂತ ತಾನೇ. ಕಾಯ್ದೆಯ 39ನೇ ಸೆಕ್ಷನ್ ಕೂಡ ಹೇಳುವುದು, ನೋಂದಣಿ ಇಲ್ಲದ ವಾಹನ ಓಡಿಸಬಾರದು, ಮಾಲೀಕ ಓಡಿಸಲು ಬಿಡಬಾರದು ಅಂತ. ಮಾತು 'ಓಡಿಸುವುದು' ಎಂಬುದರ ಮೇಲೆ ನಿಂತಿದೆ. ಹಗ್ಗದಲ್ಲಿ ಬರುವ ಗಾಡಿಯನ್ನು ಓಡಿಸಿದ ಹಾಗೆ ಆಗುತ್ತದಾ?

1988ರ ಕಾಯ್ದೆ ಬರೆದವರಿಗೆ ಈ ಪ್ರಶ್ನೆ ಹೊಳೆದಿತ್ತು. ಎರಡನೇ ಸೆಕ್ಷನ್ ಅಂದರೆ ಪದಗಳ ಅರ್ಥ ಹೇಳುವ ಜಾಗ. ಅದನ್ನು ಯಾರೂ ಓದುವುದಿಲ್ಲ, ಎಲ್ಲರೂ ದಂಡದ ಪುಟಕ್ಕೇ ಹಾರುತ್ತಾರೆ. ಅದರ ಒಂಬತ್ತನೇ ಉಪವಿಭಾಗದಲ್ಲಿ 'ಚಾಲಕ' ಎಂಬ ಪದಕ್ಕೆ ಅರ್ಥ ಕೊಡುವಾಗ ಒಂದೇ ಒಂದು ಮಾತು ಇದೆ: ಇನ್ನೊಂದು ವಾಹನ ಎಳೆಯುತ್ತಿರುವ ವಾಹನದಲ್ಲಿ ಸ್ಟೀರಿಂಗ್ ಹಿಡಿದು ಕೂತವನೂ ಚಾಲಕನೇ. ಎಂಜಿನ್ ಆಫ್ ಇರಲಿ, ಗೇರು ನ್ಯೂಟ್ರಲ್‌ನಲ್ಲಿ ಇರಲಿ. ಭಾವ ಕೂತಿದ್ದರು ಅಷ್ಟೇ ಅಲ್ಲ, ಕಾನೂನಿನ ಕಣ್ಣಿಗೆ ಓಡಿಸುತ್ತಿದ್ದರು. ಎಳೆಸಿಕೊಳ್ಳುವ ಗಾಡಿಯ ಸೀಟಿನಲ್ಲಿ ಲೈಸೆನ್ಸ್ ಇದ್ದವರೇ ಕೂರಬೇಕು ಎಂಬ ನಿಯಮವೂ ಇದಕ್ಕೆ ಸರಿಹೊಂದುತ್ತದೆ. ಮುಂದಿನ ಚಕ್ರಗಳನ್ನು ಕ್ರೇನ್ ರಸ್ತೆಯಿಂದ ಮೇಲೆತ್ತಿ ಹಿಡಿದಿದ್ದರೆ ಮಾತ್ರ ಸೀಟು ಖಾಲಿ ಇರಬಹುದು.

ನಾನು ಇದನ್ನು ಓದಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದರೆ ಜೀಪನ್ನು ಟ್ರೈಲರ್ ಅಂತ ಲೆಕ್ಕ ಮಾಡಲಿ" ಅಂದರು. ಅದೂ ಆಗುವುದಿಲ್ಲ. ಟ್ರೈಲರ್ ಎಂದರೆ ಮೋಟಾರು ವಾಹನ ಎಳೆಯುವ ಗಾಡಿ, ಸರಿ. ಆದರೆ ಕಾಯ್ದೆ ಪ್ರಕಾರ ಟ್ರೈಲರ್ ಸ್ವತಃ ಒಂದು ಮೋಟಾರು ವಾಹನ. ಅದಕ್ಕೂ ಬೇರೆ ನೋಂದಣಿ, ಬೇರೆ ನಂಬರು ಬೇಕು. ಊರಿನ ವೆಲ್ಡಿಂಗ್ ಶಾಪಿನಲ್ಲಿ ಎರಡು ಚಕ್ರ ಹಾಕಿ ಮಾಡಿಸಿದ ಟ್ರೈಲರಿನ ಮೇಲೆ ಜೀಪು ಇಟ್ಟು ಎಳೆದರೂ ಕತೆ ಬದಲಾಗುವುದಿಲ್ಲ. ಒಂದು ನೋಂದಣಿ ಇಲ್ಲದ ಗಾಡಿಯ ಜಾಗಕ್ಕೆ ಇನ್ನೊಂದು ಬಂದ ಹಾಗೆ ಆಯಿತು.

ವಿಮೆಯ ವಿಷಯಕ್ಕೆ ಬಂದರೆ ಪದವೇ ಬೇರೆ. 146ನೇ ಸೆಕ್ಷನ್ ಹೇಳುವುದು 'ಓಡಿಸುವುದು' ಅಂತ ಅಲ್ಲ, ಸಾರ್ವಜನಿಕ ಜಾಗದಲ್ಲಿ 'ಬಳಸುವುದು' ಅಂತ. ಇದು ಇನ್ನೂ ಅಗಲದ ಬಲೆ. ಜೀಪಿಗೆ ವಿಮೆ ಇಲ್ಲದೆ ವರ್ಷಗಳೇ ಆಗಿದ್ದವು. ಪಿಕಪ್ಪಿಗೆ ವಿಮೆ ಇತ್ತಲ್ಲ ಅಂದರೆ, ಅದರ ಪಾಲಿಸಿಯನ್ನೂ ತೆಗೆದು ನೋಡಿದೆ. ವಾಣಿಜ್ಯ ವಾಹನಗಳ ಸಾಮಾನ್ಯ ಪಾಲಿಸಿಯಲ್ಲಿ ಎಳೆಯುವ ಬಗ್ಗೆ ಒಂದು ಷರತ್ತು ಇರುತ್ತದೆ. ಕೆಟ್ಟು ನಿಂತ ಒಂದು ಗಾಡಿಯನ್ನು ಎಳೆಯಬಹುದು, ಬಾಡಿಗೆಗೆ ಎಳೆಯಬಾರದು, ಎಳೆಸಿಕೊಂಡ ಗಾಡಿಗೆ ಆದ ಹಾನಿಗೆ ಕಂಪನಿ ಹೊಣೆ ಅಲ್ಲ. ಇಲ್ಲಿ ಗಾಡಿ ಕೆಟ್ಟಿರಲಿಲ್ಲ. ಪಕ್ಕದ ಮನೆಯವರಿಗೆ ಭಾವ ಡೀಸೆಲ್ ಖರ್ಚು ಅಂತ ಏನೋ ಕೊಟ್ಟಿದ್ದರು. ಅಡ್ಕಸ್ಥಳದ ಇಳಿಜಾರಿನಲ್ಲಿ ಹಗ್ಗ ತುಂಡಾಗಿ ಯಾರಿಗಾದರೂ ಏನಾದರೂ ಆಗಿದ್ದರೆ? ವಿಮಾ ಕಂಪನಿಗೆ ಕೈ ಎತ್ತಲು ಎರಡು ಕಾರಣ ತಯಾರಿದ್ದವು. ನ್ಯಾಯಾಲಯ ಪೆಟ್ಟಾದವರಿಗೆ ಮೊದಲು ಕೊಡಿಸಿದರೂ ಆಮೇಲೆ ಮಾಲೀಕನಿಂದ ವಸೂಲಿಗೆ ಬರುವುದುಂಟು. ನನಗೆ ಹೆದರಿಕೆ ಆದದ್ದು ದಂಡಕ್ಕಲ್ಲ, ಇದಕ್ಕೆ. ಪಾಪ, ಆ ಪಕ್ಕದ ಮನೆಯವರು ಸಹಾಯಕ್ಕೆ ಬಂದವರು.

ದಂಡದ ಲೆಕ್ಕ, ಕಾಯ್ದೆಯಲ್ಲಿ ಇರುವ ಹಾಗೆ: ನೋಂದಣಿ ಇಲ್ಲದ್ದಕ್ಕೆ ಮೊದಲ ಸಲ 2,000ದಿಂದ 5,000 ರೂಪಾಯಿ. ವಿಮೆ ಇಲ್ಲದ್ದಕ್ಕೆ 2,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಎಳೆಯುವ ನಿಯಮ ಮುರಿದದ್ದಕ್ಕೆ 500ರಿಂದ 1,000. ಸ್ಥಳದಲ್ಲೇ ತೀರಿಸುವ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ, ಹಾಗಾಗಿ ಗಡಿಯ ಈಚೆ ಆಚೆ ಚಲನ್ ಬೇರೆ ಬೇರೆ ಬರಬಹುದು. ಕಾಯ್ದೆ ಮಾತ್ರ ಎರಡೂ ಕಡೆ ಒಂದೇ. "ಸಾರಡ್ಕ ದಾಟಿದ್ದರೆ ಬಚಾವ್ ಆಗುತ್ತಿದ್ದೆ" ಅಂತ ಭಾವ ಈಗಲೂ ಹೇಳುವುದುಂಟು. ಆಗುತ್ತಿರಲಿಲ್ಲ.

ಬಂಪರು, ಟಯರು, ಪೈಪಿನ ಚೌಕಟ್ಟಿನ ಮೇಲೆ ಅಧಿಕಾರಿ ಕಣ್ಣು ಹಾಯಿಸಿದರು, ಬರೆಯಲಿಲ್ಲ. ಬರೆದಿದ್ದರೆ ಪ್ರತಿ ಬದಲಾವಣೆಗೆ 5,000 ರೂಪಾಯಿವರೆಗೆ ಹೋಗುವ ಸೆಕ್ಷನ್ ಅದು, ಆರು ತಿಂಗಳ ಜೈಲಿನ ಮಾತೂ ಅದರಲ್ಲಿದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ. ಅಕ್ಕನ ಮಗನಿಗೆ ಇದನ್ನು ಎರಡು ಸಲ ಓದಿ ಹೇಳಿದ್ದೇನೆ.

ದರೆಗೆ ಲಾರಿ ತಾಗಿಸಿದ್ದು

ಈಗ ಜೀಪು ರಸ್ತೆ ಬದಿಯಲ್ಲಿ. ಮುಂದಕ್ಕೂ ಎಳೆಯುವಂತಿಲ್ಲ, ಹಿಂದಕ್ಕೂ ಎಳೆಯುವಂತಿಲ್ಲ, ಓಡಿಸುವಂತೂ ಇಲ್ಲ. "ಹಾಗಾದರೆ ಮನೆಗೆ ಹೇಗೆ ಕೊಂಡುಹೋಗುವುದು ಸಾರ್?" ಅಂತ ನಾನು ಕೇಳಿದೆ. ಅಧಿಕಾರಿ ಒಂದೇ ಮಾತು ಹೇಳಿದರು: "ಲಾರಿಯಲ್ಲಿ ಹಾಕಿ. ಆಗ ಅದು ಲೋಡ್."

ಕೀಲಿ ಇರುವುದು ಇಲ್ಲಿ. ಚಕ್ರ ರಸ್ತೆಗೆ ತಾಗಿದ್ದರೆ ಜೀಪು ವಾಹನ. ನೋಂದಣಿ, ವಿಮೆ, ಚಾಲಕ, ಫಲಕ, ಹಗ್ಗದ ಅಳತೆ, ಎಲ್ಲ ಅದರ ಹಿಂದೆ ಬರುತ್ತವೆ. ನಾಲ್ಕೂ ಚಕ್ರ ಲಾರಿಯ ಮೇಲೆ ಇದ್ದರೆ ಅದು ಅಡಿಕೆ ಗೋಣಿಯ ಹಾಗೆ ಸರಕು. ಸರಕಿಗೆ ಆರ್‌ಸಿ ಬೇಡ. ಕಾಗದ ಇರಬೇಕಾದದ್ದು ಲಾರಿಗೆ. ಕೆಸರಿನ ಸ್ಪರ್ಧೆಗೆ ಹೋಗುವ ಗಾಡಿಗಳನ್ನು ದೂರದೂರದಿಂದ ಲಾರಿಯಲ್ಲೇ ತರುವುದನ್ನು ನಾವೇ ನೋಡಿದ್ದೇವೆ. ದುಡ್ಡಿನ ದೌಲತ್ತು ಅಂದುಕೊಂಡಿದ್ದೆವು.

ಮೊದಲು ಪಿಕಪ್ಪಿನ ಮೇಲೆಯೇ ಹತ್ತಿಸುವ ಅಂತ ಪಕ್ಕದ ಮನೆಯ ಹುಡುಗ ಅಂದ. ತೂಕ ಹೇಗೋ ಹೊಂದಬಹುದು. ಉದ್ದ ಹೊಂದುವುದಿಲ್ಲ. ಜೀಪಿನ ಹಿಂಭಾಗ ಹೊರಗೆ ಚಾಚಿಕೊಳ್ಳುತ್ತದೆ. ಲೋಡು ಮಿತಿ ಮೀರಿ ಹೊರಗೆ ಚಾಚಿದರೆ 20,000 ರೂಪಾಯಿ ದಂಡ, ಮೇಲಿಂದ ಇಳಿಸುವ ಖರ್ಚು. ಜೀಪಿನ ಎಲ್ಲ ದಂಡ ಕೂಡಿಸಿದರೂ ಅಷ್ಟಾಗುವುದಿಲ್ಲ. ಕೊನೆಗೆ ಹದಿನಾಲ್ಕು ಅಡಿಯ ಲಾರಿ ಕರೆಸಿದೆವು.

ಹತ್ತಿಸುವುದು ಹೇಗೆ? ರ‍್ಯಾಂಪು ಯಾರ ಹತ್ತಿರ ಉಂಟು? ನಮ್ಮಲ್ಲಿ ದರೆಗೆ, ಅಂದರೆ ಕಡಿದ ಗುಡ್ಡದ ಎತ್ತರದ ಅಂಚಿಗೆ, ಬರ ಇಲ್ಲ. ಸ್ವಲ್ಪ ಹಿಂದೆ ಮುರಕಲ್ಲು ಕಡಿದ ಜಾಗ ಇತ್ತು. ಒಂದು ಬದಿ ತಗ್ಗು, ಒಂದು ಬದಿ ಎತ್ತರ. ಅಧಿಕಾರಿ ಎದುರಿಗೇ ನಾಲ್ಕು ಜನ ಸೇರಿ ಜೀಪನ್ನು ರಸ್ತೆಯಿಂದ ಆ ಜಾಗಕ್ಕೆ ತಳ್ಳಿದೆವು. ಲಾರಿ ರಿವರ್ಸ್ ಬಂದು ತಗ್ಗಿನಲ್ಲಿ ದರೆಗೆ ತಾಗಿ ನಿಂತಿತು. ನಡುವೆ ಎರಡು ಹಲಗೆ. ಜೀಪು ನೆಟ್ಟಗೆ ಒಳಗೆ ಹೋಯಿತು. ಆಫ್‌ರೋಡ್ ಗಾಡಿ ಅಲ್ವಾ, ಅಷ್ಟಾದರೂ ಬೇಡವಾ. ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಹಿಂದೆ ಸರಪಳಿ ಬಿಗಿದರು. ಬ್ಯಾಟರಿಯ ವಯರು ಬಿಚ್ಚಿಟ್ಟರು. ಲಾರಿಯವರು ಹಳೇ ಆರ್‌ಸಿಯನ್ನು ಕೇಳಿ ತೆಗೆದುಕೊಂಡರು. ಸರಕಿಗೆ ಆರ್‌ಸಿ ಬೇಡ ಅಂದಿರಲ್ಲ ಅಂತ ಭಾವ ಕೊಂಕು ತೆಗೆದರು. "ಕದ್ದ ಮಾಲು ಅಲ್ಲ ಅಂತ ತೋರಿಸುವುದಕ್ಕೆ ಅಣ್ಣಾ" ಅಂದ ಲಾರಿಯವ. ಅವಧಿ ಮುಗಿದ ಆರ್‌ಸಿಗೆ ಆ ಒಂದು ಉಪಯೋಗ ಉಂಟು.

ಅವತ್ತು ಜೀಪು ಹೋದದ್ದು ಪುತ್ತೂರಿಗಲ್ಲ, ಮನೆಗೆ. ಆ ಲಾರಿಗೆ ಗಡಿ ದಾಟುವ ಪರ್ಮಿಟ್ ಇರಲಿಲ್ಲ. ಒಟ್ಟು ತೂಕ 3,000 ಕಿಲೋ ಒಳಗಿನ ಸರಕು ಗಾಡಿಗೆ ಪರ್ಮಿಟ್ ಬೇಡ, ಅದಕ್ಕಿಂತ ದೊಡ್ಡದಕ್ಕೆ ಬೇಕು. ಬಾಡಿಗೆ ಮಾತಾಡುವಾಗ ಈ ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕೆಲವರು ಕೇಳುತ್ತಾರೆ, ರೆಸಾರ್ಟುಗಳಲ್ಲಿ ಓಡಿಸುವ ದಪ್ಪ ಟಯರಿನ ಕ್ವಾಡ್ ಬೈಕನ್ನಾದರೂ ಎಳೆಯಬಹುದಾ ಅಂತ. ಉತ್ತರ ಅದೇ. ಸಾಮಾನ್ಯವಾಗಿ ಅವಕ್ಕೆ ನಮ್ಮ ರಸ್ತೆಯಲ್ಲಿ ಓಡಲು ನೋಂದಣಿಯೇ ಇರುವುದಿಲ್ಲ. ಹಾಗಾಗಿ ಪಿಕಪ್ಪಿನ ಮೇಲೆ ಹಾಕಿ, ಹೊರಗೆ ಚಾಚದ ಹಾಗೆ ಕಟ್ಟಿ ಕೊಂಡುಹೋಗುವುದೇ ದಾರಿ.

ಇನ್ನು ಭಾವನ ಹಳೇ ಮಾತು: ತೋಟದೊಳಗೆ ಓಡಿಸಲು ಯಾರ ಅಪ್ಪಣೆ? ಇಲ್ಲಿ ಎರಡು ವಿಷಯ ಬೆರೆತುಹೋಗುತ್ತದೆ. ತೆರಿಗೆ ರಸ್ತೆ ಬಳಕೆಗೆ ಅಂಟಿದ್ದು. ಗಣಿಯ ಆವರಣದೊಳಗೇ ದುಡಿಯುವ ಡಂಪರುಗಳ ಬಗ್ಗೆ 1974ರಲ್ಲೇ ಸುಪ್ರೀಂ ಕೋರ್ಟ್ ಒಡಿಶಾದ ಪ್ರಕರಣವೊಂದರಲ್ಲಿ ತೆರಿಗೆ ಬೀಳುವುದಿಲ್ಲ ಅಂದಿತ್ತು. ಆದರೆ ನೋಂದಣಿಯ ಸೆಕ್ಷನ್ ಓದಿದರೆ 'ಸಾರ್ವಜನಿಕ ಜಾಗದಲ್ಲಿ ಅಥವಾ ಬೇರೆ ಯಾವುದೇ ಜಾಗದಲ್ಲಿ' ಅಂತ ಇದೆ. ಆವರಣದೊಳಗೆ ಮಾತ್ರ ಬಳಸಲು ಮಾಡಿದ ವಿಶೇಷ ಗಾಡಿಗೆ ವಿನಾಯಿತಿ ಉಂಟು, ರಸ್ತೆಗೆ ಅಂತಲೇ ಮಾಡಿದ ಜೀಪಿಗೆ ಆ ಮಾತು ಸಲ್ಲುವುದು ಕಷ್ಟ. ಅದಕ್ಕಿಂತ ದೊಡ್ಡ ಸಂಗತಿ ಭಾವ ಹೇಳದೆ ಬಿಟ್ಟದ್ದು: ಅವರ ಮೇಲಿನ ತೋಟಕ್ಕೂ ಕೆಳಗಿನ ಮನೆಗೂ ನಡುವೆ ಪಂಚಾಯತ್ ರಸ್ತೆ ಇದೆ. ದಿನಕ್ಕೆ ನಾಲ್ಕು ಸಲ ಜೀಪು ಅದನ್ನು ದಾಟುತ್ತದೆ. ಹನ್ನೆರಡು ಅಡಿ ಅಗಲ. ಹನ್ನೆರಡು ಅಡಿಯಾದರೂ ಸಾರ್ವಜನಿಕ ಜಾಗವೇ.

ಈಗ ನವೀಕರಣಕ್ಕೆ ಕೂತಿದ್ದೇವೆ. ಫಾರಂ 25, ಬಾಕಿ ತೆರಿಗೆ, ತಡ ಮಾಡಿದ್ದಕ್ಕೆ ಹೆಚ್ಚುವರಿ ಶುಲ್ಕ, ಆಮೇಲೆ ಗಾಡಿ ತಪಾಸಣೆ. ಪಾಸಾದರೆ ಐದು ವರ್ಷ. ತಪಾಸಣೆಗೆ ಗಾಡಿ ಕಂಪನಿ ಕೊಟ್ಟ ರೂಪಕ್ಕೆ ಬರಬೇಕು. ಬಂಪರು ಬಿಚ್ಚಿ ದನದ ಕೊಟ್ಟಿಗೆಯ ಮೂಲೆಗೆ ಹಾಕಿದ್ದಾಯಿತು. ಹಳೇ ಅಳತೆಯ ಟಯರು ಹುಡುಕುತ್ತಿದ್ದೇವೆ. ತಪಾಸಣೆಯ ಜಾಗಕ್ಕೂ ಜೀಪು ಲಾರಿಯಲ್ಲೇ ಹೋಗಬೇಕು, ಎರಡು ಬಾಡಿಗೆ. ಅಕ್ಕನ ಮಗ ಮಾತು ಬಿಟ್ಟು ಮೂರು ವಾರ ಆಯಿತು.

ಅಲ್ಲಿವರೆಗೆ ಜೀಪು ಮೇಲಿನ ತೋಟದಲ್ಲಿ, ರಸ್ತೆಯ ಅಂಚಿನವರೆಗೆ ಮಾತ್ರ. ಅಡಿಕೆ ಗೋಣಿಯನ್ನು ಅಲ್ಲಿ ಇಳಿಸಿ, ಕೈಗಾಡಿಗೆ ಹಾಕಿ, ಭಾವ ರಸ್ತೆ ದಾಟಿಸುತ್ತಾರೆ. ದಾಟುವ ಮೊದಲು ಬಲಕ್ಕೂ ಎಡಕ್ಕೂ ನೋಡುತ್ತಾರೆ. ಗಾಡಿ ಬರುತ್ತಾ ಅಂತ ಅಲ್ಲ, ಸ್ಕ್ವಾಡ್ ಉಂಟಾ ಅಂತ. ಕೈಗಾಡಿಗೆ ನೋಂದಣಿ ಬೇಡ ಅಂತ ನಾನು ಎಷ್ಟು ಹೇಳಿದರೂ ಅವರಿಗೆ ಇನ್ನೂ ನಂಬಿಕೆ ಬಂದಿಲ್ಲ.